ಸ್ಪಷ್ಟನೆ: ಇನ್ನೊಂದು ರಿಕ್ವೆಸ್ಟ್ ಬಂತು ಅಂದರೆ ಹ್ಯಾಕ್ ಆಯಿತು ಅಂತಲ್ಲ

‘ನಿಮ್ಮ ಹೆಸರಲ್ಲಿ ಇನ್ನೊಂದು ಫ್ರೆಂಡ್ ರಿಕ್ವೆಸ್ಟ್ ಬಂದಿದೆ, ಅಕೌಂಟ್ ಹ್ಯಾಕ್ ಆಗಿದೆ, ಎಲ್ಲರಿಗೂ ಫಾರ್ವರ್ಡ್ ಮಾಡಿ’ ಎಂಬ ಮೆಸೇಜ್ ಫೇಸ್‌ಬುಕ್‌ನಲ್ಲಿ ಓಡಾಡುತ್ತಿದೆ. ಹಳೇ ಕಥೆ. 2018ರಲ್ಲಿ ಇದೇ ಇಂಗ್ಲಿಷಿನಲ್ಲಿ ಊರೆಲ್ಲ ಸುತ್ತಿತ್ತು. ಸುಮ್ನೆ ಫಾರ್ವರ್ಡ್ ಮಾಡಬೇಡಿ.

ನಿಮ್ಮ ಫೋಟೊ, ಹೆಸರು ಕದ್ದು ಬೇರೆ ಪ್ರೊಫೈಲ್ ತೆರೆಯುವುದಕ್ಕೆ ನಿಮ್ಮ ಪಾಸ್‌ವರ್ಡೇ ಬೇಕಿಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಿಸಿದರೂ ಆ ನಕಲಿ ಹೋಗುವುದಿಲ್ಲ. ನಿಮ್ಮ ಹೆಸರು ಹುಡುಕಿ ನೋಡಿ. ಸಿಕ್ಕರೆ ಆ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ, ಗೆಳೆಯರಿಂದಲೂ ಮಾಡಿಸಿ. ಫ್ರೆಂಡ್ಸ್ ಲಿಸ್ಟ್ ಯಾರಿಗೂ ಕಾಣದಂತೆ ಇಡಿ. ಕಳ್ಳನಿಗೆ ಬೇಕಾದದ್ದು ಆ ಲಿಸ್ಟೇ. ‘ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ಐದು ಸಾವಿರ ಹಾಕಿ’ ಅಂತ ಅವನು ಕೇಳುವುದು ನಿಮ್ಮನ್ನಲ್ಲ, ನಿಮ್ಮ ಚಿಕ್ಕಪ್ಪನನ್ನು ಅಲ್ವಾ? ಯಾರಾದರೂ ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.