ಸತ್ಯಾಂಶ: ಒದ್ದೆ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಸಾಕೇ?

ಮಳೆಗಾಲ ಮುಗಿದು ಬೆಂಗಳೂರಿನ ಮನೆಗಳಲ್ಲಿ ಪೇಂಟಿಂಗ್ ಮಾತು ಶುರುವಾದೊಡನೆ ವಾಟ್ಸಾಪ್‌ನಲ್ಲಿ ಒಂದು ಸಲಹೆ ಮತ್ತೆ ಸುತ್ತುತ್ತದೆ: ತೇವ ಹಿಡಿದ ಗೋಡೆಗೆ ಒಳಗಿನಿಂದ ಎರಡು ಕೋಟ್ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಸಾಕು. ಇದು ತಪ್ಪು. ಖರ್ಚು ಉಳಿಯುತ್ತದೆ ಎನಿಸುವುದರಿಂದ ಜನ ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ.

ಟೆರೇಸಿನ ಬಿರುಕು, ಪ್ಯಾರಪೆಟ್ ಅಥವಾ ಬಾತ್‌ರೂಮ್ ಪೈಪಿನಿಂದ ಇಳಿಯುವ ನೀರು ಬರುವುದು ಪೇಂಟಿನ ಹಿಂಬದಿಯಿಂದ. ಬರುವಾಗ ಗೋಡೆಯೊಳಗಿನ ಲವಣವನ್ನೂ ಕರಗಿಸಿ ತರುತ್ತದೆ. ಆ ಲವಣ ಪೇಂಟಿನ ಅಡಿಯಲ್ಲಿ ಹರಳುಗಟ್ಟಿ ಗುಳ್ಳೆ ಎಬ್ಬಿಸುತ್ತದೆ, ಪುಟ್ಟಿಯೂ ಉದುರುತ್ತದೆ.

ನೀವೇ ಪರೀಕ್ಷಿಸಬಹುದು. ಉದ್ದಗಲ 45 ಸೆಂ.ಮೀ. ಇರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ. ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯದು. ಹೊರಮೈಯಲ್ಲಿ ಮಾತ್ರ ಕಂಡರೆ ಕೋಣೆಯ ಗಾಳಿಯದು. ಪೇಂಟ್ ಡಬ್ಬಿಯ ಸೂಚನೆಯನ್ನೂ ಓದಿ. ಗೋಡೆ ಒಣಗಿರಬೇಕೆಂದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ.

ಮೊದಲು ಸೋರಿಕೆ ನಿಲ್ಲಿಸಿ. ಸಡಿಲವಾದ ಪೇಂಟ್ ಕೆರೆದು, ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಹಾಳೆ ಪರೀಕ್ಷೆ ಇನ್ನೊಮ್ಮೆ ಮಾಡಿ, ಒಣಗಿದ್ದರೆ ಮಾತ್ರ ಪ್ರೈಮರ್ ಹಚ್ಚಿಸಿ. ಹೊಸ ಪ್ಲಾಸ್ಟರಿಗಾದರೆ ಕನಿಷ್ಠ 28 ದಿನ ಕೊಡಿ.