ಹೆಸರು ಅವರದು, ಜಾಹೀರಾತು ನಮ್ಮದು

ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಪುರಾಣ ನಿಮಗೆಲ್ಲ ಗೊತ್ತೇ ಇದೆ. ದಿಲ್ಲಿಯ ಆ್ಯಪ್ ಡೆವಲಪರ್ ಒಬ್ಬರು 2023ರಲ್ಲೇ ಆ ವೆಬ್ ವಿಳಾಸ, ಅಂದರೆ ಡೊಮೈನ್, ಹಿಡಿದಿಟ್ಟರು. ಮರುವರ್ಷ ರಿಲಯನ್ಸಿನ ಜಿಯೋ ಸಿನೆಮಾ ಮತ್ತು ಡಿಸ್ನಿಯ ಹಾಟ್‌ಸ್ಟಾರ್ ವಿಲೀನದ ಸುದ್ದಿ ಕಾವೇರಿದಾಗ ‘ನನ್ನ ಕೇಂಬ್ರಿಜ್ ಓದಿನ ಫೀಸು ಕಟ್ಟಿ, ಡೊಮೈನ್ ಒಯ್ಯಿರಿ’ ಎಂದು ರಿಲಯನ್ಸಿಗೆ ಬಹಿರಂಗ ಪತ್ರ ಬರೆದರು. ಕಂಪನಿ ಒಲ್ಲೆ ಎಂದಿತು. ಕೊನೆಗೆ ದುಬೈನ ಇಬ್ಬರು ಮಕ್ಕಳು ಅದನ್ನು ಕೊಂಡು, ಬಿಟ್ಟಿಯಾಗೇ ಕೊಡುತ್ತೇವೆ ಅಂದರು. ದೊಡ್ಡವರ ವ್ಯಾಪಾರಕ್ಕೆ ಮಕ್ಕಳೇ ಮಂಗಳ ಹಾಡಿದರು.

ಈ ಕಥೆಯಿಂದ ನಮ್ಮ ಜಾಣರು ಕಲಿತದ್ದೇನು? ಬೇರೆಯವರ ಹೆಸರಲ್ಲಿ ಡೊಮೈನ್ ಕೊಳ್ಳಬಾರದು ಅಂತಲ್ಲ, ಕೊಂಡ ಮೇಲೆ ಪತ್ರ ಬರೆಯಬಾರದು ಅಂತ. ಸುಮ್ಮನೆ ಜಾಹೀರಾತು ಹಾಕಿಕೊಂಡು ಕೂತರಾಯಿತು! ಸ್ಟಾರ್ ನಟನ ಹೆಸರಿಗೆ ‘ಅಫಿಷಿಯಲ್’ ಅಂತ ಬಾಲ ಹಚ್ಚು, ಇಲ್ಲವೇ ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ತಪ್ಪಿಸು, ಡೊಮೈನನ್ನು ಪಾರ್ಕ್ ಮಾಡು, ಅಂದರೆ ತಾಣ ಕಟ್ಟದೆ ಬರೀ ಜಾಹೀರಾತು ಹಚ್ಚಿಬಿಡು, ಮಲಗು. ತಪ್ಪು ಟೈಪ್ ಮಾಡಿದವರು ಬಂದು ಕ್ಲಿಕ್ ಒತ್ತುತ್ತಾರೆ, ಡಾಲರು ಉದುರುತ್ತದೆ. ಉದುರುವುದು ಸೆಂಟುಗಳಲ್ಲಿ ಎಂಬುದು ಬೇರೆ ಮಾತು. ಗೂಗಲ್ಲಿನ ಜಾಹೀರಾತು ಸೇವೆ ಆ್ಯಡ್‌ಸೆನ್ಸಿನಲ್ಲಿ ನೂರು ಡಾಲರ್ ತುಂಬುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಬಹಳ ಸಲ ಅದಕ್ಕೂ ಮೊದಲೇ ಟ್ರೇಡ್‌ಮಾರ್ಕ್ ದೂರು ಬಂದಿರುತ್ತದೆ, ಜಾಹೀರಾತು ನಿಂತಿರುತ್ತದೆ.

ಇಷ್ಟಕ್ಕೂ ಈ ಬಡಪಾಯಿಯನ್ನು ಹುರಿದುಂಬಿಸಿದವರು ಯಾರು? ಡೊಮೈನ್ ಮಾರುವ ರಿಜಿಸ್ಟ್ರಾರ್ ಕಂಪನಿ. ಜಗತ್ತೇ ಬಲ್ಲ ಬ್ರ್ಯಾಂಡಿನ ಹೆಸರು ಹಾಕಿ ಹುಡುಕಿದರೂ ಅದು ಬೇಡ ಅನ್ನುವುದಿಲ್ಲ. ‘ಲಭ್ಯವಿದೆ!’ ಅಂತ ಹಸಿರು ಬಣ್ಣದಲ್ಲಿ ಸಂಭ್ರಮಿಸುತ್ತದೆ. ಡಾಟ್ ಶಾಪ್ ಕೊಡಲೇ, ಡಾಟ್ ಆನ್‌ಲೈನ್ ಕೊಡಲೇ ಅಂತ ಬೀಗರೂಟದಲ್ಲಿ ಹೋಳಿಗೆ ಬಡಿಸುವವರ ಹಾಗೆ ಮೇಲೆ ಬೀಳುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಷರತ್ತುಗಳು, ಪಕ್ಕದಲ್ಲೊಂದು ಚೌಕ. ಟಿಕ್ ಒತ್ತಿದಿರೋ, ‘ಈ ಹೆಸರು ಯಾರ ಹಕ್ಕಿಗೂ ಧಕ್ಕೆ ತರುವುದಿಲ್ಲವೆಂದು ನಾನು ಬಲ್ಲಂತೆ ಖಾತ್ರಿ ಕೊಡುತ್ತೇನೆ’ ಅಂತ ಮುಚ್ಚಳಿಕೆ ಬರೆದುಕೊಟ್ಟ ಹಾಗೆ. ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ, ಡೊಮೈನ್ ವ್ಯಾಜ್ಯ ತೀರಿಸಲು 1999ರಲ್ಲಿ ತಂದ ಯುಡಿಆರ್‌ಪಿ ನಿಯಮದ ಎರಡನೆಯ ಕಲಮೇ ಇದು. ಓದಿದವರಿದ್ದರೆ ಸನ್ಮಾನ ಮಾಡಬೇಕು.

ಈ ನಿಯಮದಡಿ ಹೆಸರಿನ ಒಡೆಯ ಮೂರು ಸಂಗತಿ ತೋರಿಸಬೇಕು. ಡೊಮೈನು ತನ್ನ ಟ್ರೇಡ್‌ಮಾರ್ಕಿನ ಹಾಗೇ ಇದೆ, ನಿಮಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ, ನೋಂದಾಯಿಸಿದ್ದೂ ಬಳಸಿದ್ದೂ ದುರುದ್ದೇಶದಿಂದ. ನಮ್ಮ ಡಾಟ್ ಇನ್‌ಗೆ ಇರುವ ಇಂಥದ್ದೇ ನಿಯಮ ಐಎನ್‌ಡಿಆರ್‌ಪಿ ಇನ್ನೂ ಬಿಗಿ. ಅಲ್ಲಿ ನೋಂದಣಿಯೋ ಬಳಕೆಯೋ ಒಂದು ಕೆಟ್ಟದ್ದಾದರೂ ಸಾಕು. ಯುಡಿಆರ್‌ಪಿ ದೂರು ಕೇಳುವ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋಗೆ ದೂರುದಾರ ಕಟ್ಟುವ ಶುಲ್ಕ, ತೀರ್ಪು ಕೊಡಲು ಒಬ್ಬ ಪಂಚನಿದ್ದರೆ, 1,500 ಡಾಲರ್. ನಿಮ್ಮ ಡೊಮೈನಿಗೆ ನೀವು ಕೊಟ್ಟದ್ದು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ದೂರು ಬಿದ್ದೊಡನೆ ಡೊಮೈನಿಗೆ ಬೀಗ. ಆಮೇಲೆ ಮಾರುವಂತಿಲ್ಲ, ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವಂತಿಲ್ಲ.

ನಮ್ಮ ಜಾಣರ ಬತ್ತಳಿಕೆಯಲ್ಲಿ ಬಾಣಗಳಿಗೇನೂ ಕಡಿಮೆಯಿಲ್ಲ. ಪುಟದ ಬುಡದಲ್ಲಿ ‘ಈ ತಾಣಕ್ಕೂ ಸದರಿ ಕಂಪನಿಗೂ ಸಂಬಂಧವಿಲ್ಲ’ ಅಂತ ಬರೆಯುವುದು ಒಂದು. ಓದುಗ ಅಲ್ಲಿಗೆ ಇಳಿಯುವಷ್ಟರಲ್ಲಿ ಹೆಸರು ನೋಡಿ ಮೋಸಹೋಗಿ ಒಳಗೆ ಬಂದಾಗಿರುತ್ತದೆ, ಹಾಗಾಗಿ ಬರೀ ಆ ಸಾಲು ನಿಮ್ಮನ್ನು ಉಳಿಸುವುದಿಲ್ಲ. ‘ಜಾಹೀರಾತು ನಾನು ಹಾಕಿದ್ದಲ್ಲ, ರಿಜಿಸ್ಟ್ರಾರ್ ತಾನಾಗಿ ಹಾಕಿದ್ದು’ ಎನ್ನುವುದು ಇನ್ನೊಂದು. ಇದು ನಿಜವೇ ಇರಬಹುದು. ಕೊಂಡು ಏನೂ ಮಾಡದೆ ಬಿಟ್ಟ ಡೊಮೈನಿನ ಮೇಲೆ ಕಂಪನಿಗಳು ತಮ್ಮ ಜಾಹೀರಾತು ಹರಡಿಕೊಳ್ಳುವುದುಂಟು. ಒಂದು ಕಾಸೂ ನಿಮಗಿಲ್ಲ, ಹೊಣೆ ಮಾತ್ರ ನಿಮ್ಮದೇ ಎನ್ನುತ್ತಾರೆ ಪಂಚರು. ಮೂರನೆಯದು ಅಭಿಮಾನ. ನಮ್ಮಣ್ಣನ ಹೆಸರಲ್ಲಿ ಅಭಿಮಾನಿ ತಾಣ ಕಟ್ಟಿದ್ದು ತಪ್ಪೇ? ತಪ್ಪಲ್ಲ. ಆದರೆ ಅಣ್ಣನ ಫೋಟೊ ಪಕ್ಕ ರಮ್ಮಿ, ಸಾಲ, ಕೂದಲು ಕಸಿಯ ಜಾಹೀರಾತು ಕೂರಿಸಿದ ಮೇಲೆ ಅದು ಅಂಗಡಿ.

ಹಾಗಂತ ಖ್ಯಾತನಾಮರೆಲ್ಲ ಗೆದ್ದಿಲ್ಲ. ಹಾಲಿವುಡ್ ನಟಿ ಜೂಲಿಯಾ ರಾಬರ್ಟ್ಸ್ 2000ದಲ್ಲಿ ಗೆದ್ದರು. ಅವರ ಹೆಸರನ್ನು ಇಬೇನಲ್ಲಿ ಹರಾಜಿಗಿಟ್ಟ ಮಹಾನುಭಾವನೇ ಕೈಯಾರೆ ಸಾಕ್ಷ್ಯ ಒದಗಿಸಿದ್ದ. ಅದೇ ವರ್ಷ ಗಾಯಕ ಸ್ಟಿಂಗ್ ಸೋತರು, ಅದು ನಿಘಂಟಿನಲ್ಲಿರುವ ಮಾಮೂಲು ಪದವಂತೆ. 2001ರಲ್ಲಿ ಇನ್ನೊಬ್ಬ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೂಡ ಕೆನಡಾದ ಆಸಾಮಿಯೊಬ್ಬನೆದುರು ಸೋತರು. ಆ ಆಸಾಮಿ ಬಿಡಲಿಲ್ಲ, ತಾರೆಯರ ಹೆಸರುಗಳನ್ನೆಲ್ಲ ಜಾಹೀರಾತು ತುಂಬಿದ ತನ್ನ ತಾಣಕ್ಕೆ ತಿರುಗಿಸಿಕೊಂಡಿದ್ದ. 2006ರಲ್ಲಿ ನಟ ಟಾಮ್ ಕ್ರೂಸ್ ಬಂದು ಅವನಿಂದಲೇ ತಮ್ಮ ಹೆಸರು ಕಿತ್ತುಕೊಂಡರು. ಸ್ಪ್ರಿಂಗ್‌ಸ್ಟೀನ್ ಸೋಲನ್ನು ಉದಾಹರಿಸಿ ಧೈರ್ಯ ತುಂಬುವವರು ಈ ಅಧ್ಯಾಯವನ್ನು ಓದುವುದಿಲ್ಲ.

ನಮ್ಮಲ್ಲಿ ಇದಕ್ಕೆಂದೇ ಕಾಯ್ದೆ ಇಲ್ಲವಲ್ಲ ಎಂದು ಬೀಗುವವರಿದ್ದಾರೆ. ಅವರಿಗೆ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ ಶುರುವಾದ ವ್ಯಾಜ್ಯ ನೆನಪಿಸಬೇಕು. ಸತ್ಯಂ ಇನ್ಫೋವೇಯ ‘ಸಿಫಿ’ಗೆ ಇನ್ನೊಂದು ‘ಎಫ್’ ಸೇರಿಸಿ ಹೆಸರಿಟ್ಟುಕೊಂಡ ಸಂಸ್ಥೆಯ ಮೇಲೆ ಇಲ್ಲಿ ತಡೆಯಾಜ್ಞೆ ಬಿತ್ತು, ಕರ್ನಾಟಕ ಹೈಕೋರ್ಟಿನಲ್ಲಿ ಅದು ತೆರವಾಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇರಿತು. ಡೊಮೈನಿಗೂ ಟ್ರೇಡ್‌ಮಾರ್ಕ್ ತತ್ವಗಳು ಅನ್ವಯ, ಬೇರೆಯವರ ಹೆಸರಲ್ಲಿ ತನ್ನ ಸರಕು ದಾಟಿಸುವವರ ಮೇಲೆ ಹಾಕುವ ‘ಪಾಸಿಂಗ್ ಆಫ್’ ದಾವೆ ಹೂಡಬಹುದು ಎಂದು ಅಂದೇ ತೀರ್ಮಾನವಾಗಿದೆ. ಅರುಣ್ ಜೇಟ್ಲಿ 2011ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ತಮ್ಮ ಹೆಸರಿನ ಡೊಮೈನ್ ಗೆದ್ದುಕೊಂಡರು. ನಟ ಅನಿಲ್ ಕಪೂರ್ 2023ರಲ್ಲಿ ಅಲ್ಲೇ ಹೋದಾಗ, ಬೇರೆಯವರು ಬಳಸದಂತೆ ತಡೆಯಿರಿ ಎಂದ ಪಟ್ಟಿಯಲ್ಲಿ ಅವರ ಮುಖ, ದನಿ, ಕೊನೆಗೆ ಅವರ ಡೈಲಾಗ್ ‘ಝಕಾಸ್’ ಕೂಡ ಇತ್ತು.

‘ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ನಾನು ಕೊಂಡೆ’ ಎಂಬುದು ಬ್ರಹ್ಮಾಸ್ತ್ರ. ಸಾಮಾನ್ಯವಾಗಿ ನಾಟುತ್ತದೆ ಕೂಡ. ಆದರೆ ಎರಡು ಕಂಪನಿ ಒಂದಾಗುವ ಸುದ್ದಿ ಹಿಡಿದು ಎರಡೂ ಹೆಸರು ಜೋಡಿಸಿ ಕೊಂಡರೆ ನಾಟುವುದಿಲ್ಲ. ಆ ದೂರದೃಷ್ಟಿಯನ್ನೇ ದುರುದ್ದೇಶವೆಂದು ಬರೆದುಕೊಳ್ಳುತ್ತಾರೆ.

ಈಗ ಆ ಟಿಕ್ ವಿಷಯ. ಆಸ್ಕರ್ ಕೊಡುವ ಅಕಾಡೆಮಿ 2010ರಲ್ಲಿ ಗೋಡ್ಯಾಡಿ ಎಂಬ ರಿಜಿಸ್ಟ್ರಾರ್ ಕಂಪನಿ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು. ತನ್ನ ಹೆಸರನ್ನು ಹೋಲುವ ಡೊಮೈನುಗಳನ್ನು ಪಾರ್ಕ್ ಮಾಡಿ ಜಾಹೀರಾತಿನಿಂದ ದುಡ್ಡು ಮಾಡುತ್ತಿದೆ ಎಂಬುದು ಆರೋಪ. ಅಲ್ಲಿನ ಕಾಯ್ದೆಯಲ್ಲಿ ಒಂದೊಂದು ಡೊಮೈನಿಗೆ ಒಂದು ಲಕ್ಷ ಡಾಲರ್‌ವರೆಗೂ ದಂಡ ಹಾಕಬಹುದು. 2015ರಲ್ಲಿ ಗೋಡ್ಯಾಡಿ ಗೆದ್ದಿತು. ಈ ಹೆಸರುಗಳಿಂದ ಯಾರ ಹಕ್ಕಿಗೂ ಧಕ್ಕೆಯಿಲ್ಲವೆಂದು ಗ್ರಾಹಕರೇ ಖಾತ್ರಿ ಕೊಟ್ಟಿದ್ದರು, ಕಂಪನಿ ಅದನ್ನು ನಂಬಿತ್ತು, ದುರುದ್ದೇಶ ಎಲ್ಲಿಂದ ಬರಬೇಕು? ನೀವು ಓದದೆ ಒತ್ತಿದ ಟಿಕ್ಕು ನಿಮಗೆ ಉರುಳು, ಅವರಿಗೆ ಕವಚ.

ನಗು ಸಾಕು. ಬ್ಯಾಂಕಿನದೋ ದೇವಸ್ಥಾನದ ರೂಮ್ ಬುಕಿಂಗಿನದೋ ಹೆಸರು ಹೋಲುವ ತಾಣಕ್ಕೆ ಹೋಗಿ, ಅಲ್ಲಿನ ಜಾಹೀರಾತಿನ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ ಪಿಂಚಣಿ ದುಡ್ಡು ಕಳಕೊಂಡ ಮನುಷ್ಯನಿಗೆ ಈ ಪಂಚಾಯಿತಿಯಲ್ಲಿ ಜಾಗವೇ ಇಲ್ಲ. ಯುಡಿಆರ್‌ಪಿ ಕೊಡುವುದು ಎರಡೇ ಪರಿಹಾರ, ಡೊಮೈನ್ ರದ್ದು ಅಥವಾ ವರ್ಗಾವಣೆ. ದಂಡವಿಲ್ಲ, ನಷ್ಟ ಪರಿಹಾರವಿಲ್ಲ. ಹೆಸರು ಕಂಪನಿಗೆ ವಾಪಸಾಗುತ್ತದೆ, ಕ್ಲಿಕ್ಕಿನ ಕಾಸು ಮಧ್ಯದವರಲ್ಲಿ ಉಳಿಯುತ್ತದೆ, ಆ ಮನುಷ್ಯ ಸೈಬರ್ ಠಾಣೆಯ ಬೆಂಚಿನಲ್ಲಿ ಕೂತಿರುತ್ತಾನೆ. ಎಲ್ಲ ನಿಯಮದ ಪ್ರಕಾರವೇ ನಡೆದಿದೆ. ಥೂ.

ಇಷ್ಟು ಓದಿಯೂ ಅಂಥದ್ದೊಂದು ಡೊಮೈನು ನಿಮ್ಮ ಖಾತೆಯಲ್ಲಿದ್ದರೆ ಮೊದಲು ಪಾರ್ಕಿಂಗ್ ಜಾಹೀರಾತು ನಿಲ್ಲಿಸಿ, ಆಟೋ ರಿನ್ಯೂವಲ್ ತೆಗೆಯಿರಿ. ನೋಟಿಸ್ ಬಂದಾಗ ‘ಎಷ್ಟು ಕೊಡುತ್ತೀರಿ’ ಅಂತ ಉತ್ತರಿಸಬೇಡಿ. ಆ ಒಂದೇ ಸಾಲು ನಿಮ್ಮ ವಿರುದ್ಧದ ಮೊದಲ ದಾಖಲೆಯಾಗುತ್ತದೆ. ಯುಡಿಆರ್‌ಪಿ ದೂರಿಗೆ ಉತ್ತರಿಸಲು ಇಪ್ಪತ್ತು ದಿನ ಇರುತ್ತದೆ. ಡೊಮೈನ್ ನೋಂದಾಯಿಸುವಾಗ ನೀವು ಕೊಟ್ಟ ಇಮೇಲಿಗೆ ದೂರು ಬರುತ್ತದೆ, ಸ್ಪ್ಯಾಮ್ ಫೋಲ್ಡರೂ ನೋಡಿಕೊಳ್ಳಿ.