ಮಾವನವರು ಊದಿದರೆ ಎಂಜಿನ್ ಶುರು

ಪೆಟ್ರೋಲ್ ವಾಸನೆ ಕೈಯಿಂದ ಹೋಗೋದೇ ಇಲ್ಲ. ಸೋಪು ಹಾಕಿದೆ, ನಿಂಬೆಹಣ್ಣು ತಿಕ್ಕಿದೆ, ಕಡೆಗೆ ಹೆಂಡತಿ ಕೊಟ್ಟ ಕಡಲೆಹಿಟ್ಟನ್ನೂ ಹಚ್ಚಿ ನೋಡಿದೆ. ಈಗ ಪೆಟ್ರೋಲಿನಲ್ಲಿ ಕರಿದ ಮಿರ್ಚಿ ವಾಸನೆ ಬರುತ್ತಿದೆ. ಆಫೀಸಿನಲ್ಲಿ ಪಕ್ಕದ ಟೇಬಲಿನವರು ಮೂಗು ಎಳೆದು, "ಏನ್ರೀ, ಪಂಪಿನಾಗ ಪಾರ್ಟ್ ಟೈಮ್ ಮಾಡಾಕತ್ತೀರೇನು?" ಎಂದರು. ಭಾನುವಾರ ಹೆಂಡತಿ ತವರಿಗೆ ಹೋಗಿದ್ದೆ ಅಂದೆ. ಅವರಿಗೆ ಇನ್ನೂ ಗೊಂದಲವಾಯಿತು. ನಿಜ, ತವರಿಗೆ ಹೋದವರು ಹೋಳಿಗೆ ವಾಸನೆ ಹೊತ್ತು ಬರಬೇಕು. ನಾನು ಬೇರೆಯೇ ಎಣ್ಣೆಯ ವಾಸನೆ ಹೊತ್ತು ಬಂದಿದ್ದೇನೆ.

ಹೆಂಡತಿ ತವರು ಮುಂಡರಗಿ ತಾಲ್ಲೂಕಿನ ಹೊಳೆಸಾಲಿನ ಒಂದು ಊರು. ಹೊಳೆ ಅಂದರೆ ತುಂಗಭದ್ರೆ. ಈ ದಂಡೆ ಗದಗ ಜಿಲ್ಲೆ, ಆ ದಂಡೆ ವಿಜಯನಗರ ಜಿಲ್ಲೆ. ಹಮ್ಮಿಗಿ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಆದ ಮೇಲೆ ಹಿನ್ನೀರು ನಿಂತು ಹೊಳೆ ಅಗಲವಾಗಿದೆ. ಮೊದಲು ಬೇಸಿಗೆಯಲ್ಲಿ ಧೋತರ ಎತ್ತಿ ಹಿಡಿದು ದಾಟುತ್ತಿದ್ದ ಕಡೆ ಈಗ ಗಳ ಹಾಕಿದರೆ ತಳ ಸಿಗೋದಿಲ್ಲ. ಹರಿಗೋಲು ಹಾಕುತ್ತಿದ್ದವರಿಗೆ ವಯಸ್ಸಾಯಿತು. ಅವರ ಮಕ್ಕಳು ಹುಬ್ಬಳ್ಳಿಯಲ್ಲಿ ಆಟೋ ಓಡಿಸುತ್ತಾರೆ. ಬಂಧುಬಳಗ ಮಾತ್ರ ಇನ್ನೂ ಎರಡೂ ದಂಡೆಯಲ್ಲಿದೆ. ಲಗ್ನ, ಕುಬಸ, ತಿಥಿ ಯಾವುದೂ ನಿಂತಿಲ್ಲ. ರಸ್ತೆಯಲ್ಲಿ ಹೋದರೆ ಸುತ್ತು ಬಳಸು. ಅದಕ್ಕೇ ನಮ್ಮ ಮಾವನವರು ಕಾರವಾರಕ್ಕೆ ಹೋಗಿ, ಮೀನು ಹಿಡಿಯುವವರು ಬಳಸಿ ಬಿಟ್ಟ ಒಂದು ಫೈಬರ್ ದೋಣಿಯನ್ನೂ ಅದರ ಹಿಂದಕ್ಕೆ ಸಿಕ್ಕಿಸುವ ಎಂಜಿನ್ನನ್ನೂ ತಂದರು. ಎಂಟು ಹಾರ್ಸ್ ಪವರ್, ಟೂ ಸ್ಟ್ರೋಕ್, ಹಗ್ಗ ಎಳೆದು ಶುರು ಮಾಡುವಂಥದ್ದು. ಅದರ ವಯಸ್ಸು ಯಾರೂ ಕೇಳಬಾರದು, ಮಾವನವರಿಗೆ ಸಿಟ್ಟು ಬರುತ್ತದೆ.

ಇದೇ ಹೊಳೆಯ ಮೇಲ್ಬದಿಗೆ, ಹಾವೇರಿ ಜಿಲ್ಲೆಯ ಚೌಡದಾನಪುರದ ಕಡೆ, 12ನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ಬರೀ ಹುಟ್ಟು ಹಿಡಿದು ಜನರನ್ನು ದಾಟಿಸಿದ. ನೇರ ಮಾತಿಗೆ ಹೆಸರಾದ ಶರಣ ಅವನು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೇಟರ್ ಅನ್ನೋದು ಅವನ ದೋಣಿಗೆ ಇರಲಿಲ್ಲ. ಇದ್ದಿದ್ದರೆ ಮಾತು ಇನ್ನೂ ನೇರವಾಗುತ್ತಿತ್ತು.

ಈಗ ಮಾವನವರ ವಿಷಯ. ಅವರಿಗೆ ಒಂದು ಚಟ. ಏನು ಕೆಟ್ಟರೂ ಊದುತ್ತಾರೆ. ಟಿ.ವಿ. ರಿಮೋಟ್ ಒತ್ತಿದರೆ ಚಾನೆಲ್ ಬದಲಾಗಲಿಲ್ಲ ಅಂದ್ರೆ ಸೆಲ್ ತೆಗೆದು ಊದುತ್ತಾರೆ. ಮೊಬೈಲ್ ಚಾರ್ಜ್ ಆಗದಿದ್ದರೆ ಅದರ ತೂತಿಗೆ ಊದುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೆ ಸಿಮ್ ಕಿತ್ತು ಊದಿ, ಅಂಗಿಗೆ ಒರೆಸಿ, ಹಣೆಗೆ ಮುಟ್ಟಿಸಿ ಹಾಕುತ್ತಾರೆ. ಮೊಮ್ಮಗ ಬಿದ್ದು ಮೊಣಕಾಲು ಕೆತ್ತಿಕೊಂಡರೆ ಅಲ್ಲಿಗೂ ಊದು. ಅದೊಂದರಲ್ಲಿ ಗುಣ ಬಂದಿರುವುದನ್ನು ನಾನೇ ನೋಡಿದ್ದೇನೆ. ಒಮ್ಮೆ ಬ್ಯಾಂಕಿನಲ್ಲಿ ಪಾಸ್‌ಬುಕ್ ಮಷೀನಿಗೂ ಊದಿದ್ದರಂತೆ. "ಎಂಟ್ರಿ ಬಿತ್ತು ನೋಡ್ರಿ" ಅನ್ನುತ್ತಾರೆ.

ಇಂಥವರ ಕೈಗೆ ಕಾರ್ಬೇಟರ್ ಸಿಕ್ಕರೆ ಕೇಳಬೇಕೇ? ಅದರ ತುಂಬಾ ತೂತುಗಳೇ. ಪೆಟ್ರೋಲ್ ಹಾಯುವ ಜೆಟ್ಟಿನ ತೂತಂತೂ ಕಣ್ಣಿಗೆ ಹಿಡಿದು ನೋಡಬೇಕು, ಅಷ್ಟು ಸಣ್ಣದು. ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಆರಿ ಅಂಟಾಗಿ ಆ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೆ ಗಾಳಿ ಹೊಡೆಯೋದು ಸರಿಯೇ, ಮೆಕ್ಯಾನಿಕ್ಕೂ ಅದನ್ನೇ ಮಾಡೋದು. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಎಂಜಿನ್ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತದೆ. ಆದರೆ ಮೆಕ್ಯಾನಿಕ್ ಹೊಡೆಯೋದು ಕಂಪ್ರೆಸರಿನ ಒಣ ಗಾಳಿ. ನಮ್ಮ ಮಾವನವರ ಗಾಳಿಯಲ್ಲಿ ಎಲೆ, ಅಡಿಕೆ, ಸುಣ್ಣ ಎಲ್ಲ ಇರುತ್ತದೆ. ಹಿಂದೊಮ್ಮೆ ಮುಂಡರಗಿಯ ಬೈಕ್ ಮೆಕ್ಯಾನಿಕ್ ಅದನ್ನು ಬಿಚ್ಚಿ, "ಇದೇನ್ರೀ, ಒಳಗೆಲ್ಲಾ ಕೆಂಪ? ತುಕ್ಕು ಹಿಡದೈತೇನು?" ಎಂದ. ಹಿತ್ತಾಳೆಗೆ ತುಕ್ಕು ಹಿಡಿಯೋದಿಲ್ಲ ಅಂತ ಅವನಿಗೂ ಗೊತ್ತು. ನಾನು ಆಕಾಶ ನೋಡಿದೆ.

ಎಂಜಿನ್ನಿನ ಕಾಯಿಲೆ ಮಾತ್ರ ಬಹಳ ಶಿಸ್ತಿನದು. ದಂಡೆಯಲ್ಲಿ ಹಗ್ಗ ಎಳೆದರೆ ಶುರು. ದೋಣಿ ಓರೆಯಾಗಿ ಮೇಲಕ್ಕೆ ಹೋಗಿ ಆಚೆ ಊರಿನ ಬಂಡೆಗೆ ಹತ್ತಬೇಕು. ನಡುಹೊಳೆ ಬರುತ್ತಿದ್ದಂತೆ ಒಂದು ಸಲ ಕೆಮ್ಮಿ, ದಮ್ಮು ಕಟ್ಟಿ, ನಿಂತುಬಿಡುತ್ತದೆ. ಹೆಚ್ಚುಕಮ್ಮಿ ಪ್ರತಿ ಸಲವೂ ಅದೇ ಜಾಗ. ಗದಗ ಜಿಲ್ಲೆಯೂ ಅಲ್ಲ, ವಿಜಯನಗರ ಜಿಲ್ಲೆಯೂ ಅಲ್ಲ. ದೂರು ಕೊಡೋಣ ಅಂದ್ರೂ ಯಾವ ಜಿಲ್ಲಾಧಿಕಾರಿಗೆ ಕೊಡಬೇಕು?

ಊರಲ್ಲಿ ಇದಕ್ಕೆ ನಾನಾ ಕಾರಣ ಹೇಳುತ್ತಾರೆ. ಒಬ್ಬರು ಆಯಿಲ್ ಅಂದರು. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಲ್ವಾ? 50ಕ್ಕೆ 1 ಅಂದರೆ ಲೀಟರಿಗೆ 20 ಎಂ.ಎಲ್. ಮಾವನವರ ಅಳತೆ "ಒಂದ್ ಚಾ ಕಪ್ಪು". ಎಷ್ಟು ಲೀಟರಿಗೆ ಅಂತ ಕೇಳಿದರೆ "ಇದ್ದಷ್ಟಕ್ಕ" ಅನ್ನುತ್ತಾರೆ. ಹೊಗೆ ಬರುತ್ತದೆ, ಪ್ಲಗ್ ಕರ‍್ರಗಾಗುತ್ತದೆ, ನಿಜ. ಆದರೆ ಆಯಿಲ್ ಜಾಸ್ತಿಯಾದ ಎಂಜಿನ್ ದಂಡೆಯಿಂದಲೇ ಗೊಣಗಬೇಕು, ನಡುಹೊಳೆವರೆಗೆ ಕಾಯೋದಿಲ್ಲ. ಇನ್ನೊಬ್ಬರು ಅಲ್ಲಿ ಗಾಳಿ ಐತಿ ಅಂದರು. ಬೀಸುವ ಗಾಳಿ ಅಲ್ಲ, ಹಿಡಿಯುವ ಗಾಳಿ. ಸರಿ, ಅಮಾವಾಸ್ಯೆ ದಿನ ಎಂಜಿನ್ನಿಗೆ ಕುಂಕುಮ ಹಚ್ಚಿ, ನಡುಹೊಳೆಯಲ್ಲೇ ಕಾಯಿ ಒಡೆದರು. ಕಾಯಿ ಒಡೆಯುತ್ತಿದ್ದಂತೆ ಎಂಜಿನ್ ಶುರುವಾಯಿತು. ಆಮೇಲೆ ವಾದ ಮಾಡೋಕೆ ಯಾರಿಗಾದರೂ ಬಾಯಿ ಇರುತ್ತದೆಯೇ?

ಮೊನ್ನೆ ಭಾನುವಾರ ಆಚೆ ಊರಲ್ಲಿ ಲಗ್ನ. ದೋಣಿಯಲ್ಲಿ ರೇಷ್ಮೆ ಸೀರೆಯವರು, ಆಹೇರಿ ಗಂಟು, ಒಂದು ಸ್ಟೀಲ್ ಕೊಡ, ಬಾಯಲ್ಲಿ ಬೀಡಿ ಕಚ್ಚಿಕೊಂಡ ಒಬ್ಬ ಅಜ್ಜ. "ಅಜ್ಜಾ, ಹಚ್ಚಬ್ಯಾಡ" ಅಂತ ಮೊದಲೇ ಹೇಳಿದ್ದೆ. "ಹಚ್ಚೂದಿಲ್ಲೋ ತಮ್ಮಾ, ಸುಮ್ನ ಇಟಗೊಂಡೇನಿ" ಎಂದ. ಅದೇ ಜಾಗ ಬಂತು. ಅದೇ ಕೆಮ್ಮು. ನಿಂತಿತು.

ಮಾವನವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಎದ್ದರು. ಮೊದಲು ಟ್ಯಾಂಕಿನ ಮುಚ್ಚಳ ತಿರುವಿ ಇಣುಕಿದರು. ಸುಸ್ ಅಂತ ಸದ್ದು ಬಂತು. "ಎಣ್ಣಿ ಐತಿ" ಅಂದರು. ಆಮೇಲೆ ಪೈಪು ಕಿತ್ತರು. ಟ್ಯಾಂಕಿಗೂ ಎಂಜಿನ್ನಿಗೂ ನಡುವಿನ ಈ ಪೈಪಿನಲ್ಲಿ ಒಂದು ರಬ್ಬರ್ ಉಂಡೆ ಇರುತ್ತದೆ, ಬಿ.ಪಿ. ನೋಡುವಾಗ ಡಾಕ್ಟರು ಒತ್ತುವ ಉಂಡೆಯ ಹಾಗೆ. ಶುರು ಮಾಡುವ ಮುಂಚೆ ಅದನ್ನು ಒತ್ತಿ ಒತ್ತಿ ಪೆಟ್ರೋಲ್ ಮೇಲೆ ಕಳಿಸಬೇಕು. ಅದರೊಳಗೆ ಎರಡು ಪುಟ್ಟ ವಾಲ್ವ್ ಇವೆ. ಪೆಟ್ರೋಲ್ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರುವ ಹಾಗಿಲ್ಲ. ಉಂಡೆಯ ಮೇಲೆ ಬಾಣದ ಗುರುತೂ ಇದೆ. ಆ ಬಾಣದ ಎದುರಿಗೆ ಬಾಯಿಟ್ಟು ಊದಿದರೆ ಗಾಳಿ ಹೋಗೋದೇ ಇಲ್ಲ.

ಮಾವನವರು ಎಂಜಿನ್ ಕಡೆಯ ತುದಿಗೆ ಬಾಯಿಟ್ಟರು. ಊದಿದರು. ಕೆನ್ನೆ ಉಬ್ಬಿತು. ಕಣ್ಣು ಹೊರಗೆ ಬಂತು. ಕಿವಿ ಕೆಂಪಾಯಿತು. "ಭಾರೀ ಕಚರಾ ಕುಂತೈತ್ರೀ" ಎಂದು ಬಾಯಿ ಒರೆಸಿಕೊಂಡರು. ಬೀಗರ ಪೈಕಿ ಒಬ್ಬ ಎದ್ದು, "ಕೊಡ್ರಿ ಇಲ್ಲೆ, ನಾ ಭಜನಿಯೊಳಗ ಶಂಖಾ ಊದಾಂವ" ಎಂದ. ಅವನೂ ಊದಿದ. ಗಾಳಿ ಹೋಗಲಿಲ್ಲ. ಪಿ.ಯು.ಸಿ. ಓದುವ ಹುಡುಗ ತನ್ನ ವಯಸ್ಸಿನ ಮೇಲೆ ಭರವಸೆ ಇಟ್ಟು ಊದಿದ. ಹೆಂಗಸರು ನಗೋಕೆ ಶುರು ಮಾಡಿದರು. ಅಲ್ಲಿಗೆ ಅದು ರಿಪೇರಿ ಹೋಗಿ ಪಂದ್ಯವಾಯಿತು. ದೋಣಿ ತನ್ನ ಪಾಡಿಗೆ ಹಮ್ಮಿಗಿ ಕಡೆ ಹೊರಟಿತ್ತು. ಯಾರಿಗೂ ಅದರ ಚಿಂತೆ ಇರಲಿಲ್ಲ. ಅತ್ತ ಅಕ್ಷತೆಯ ಹೊತ್ತು ಮೀರುತ್ತಿತ್ತು, ಇತ್ತ ಯಾರ ಪುಪ್ಪುಸ ಗಟ್ಟಿ ಅನ್ನೋದು ತೀರ್ಮಾನ ಆಗಬೇಕಿತ್ತು.

"ಬಾಣದ ಗುರುತು ಈ ಕಡೆ ಐತ್ರಿ ಮಾವಾರ, ಆ ತುದಿಯಿಂದ ಊದಿದ್ರ ಹೋಗೂದಿಲ್ಲ" ಎಂದೆ. ಅಷ್ಟು ಹೇಳಿದ್ದೇ ತಡ, ಶಂಖದವನು ಟ್ಯಾಂಕ್ ಕಡೆಯ ತುದಿ ಎತ್ತಿಕೊಂಡು ಹೊಟ್ಟೆ ತುಂಬ ಉಸಿರೆಳೆದು ಊದಿಯೇಬಿಟ್ಟ. ಈ ಸಲ ಗಾಳಿ ಸಲೀಸಾಗಿ ಹೋಯಿತು. ಉಂಡೆಯಲ್ಲಿದ್ದ ಪೆಟ್ರೋಲನ್ನೂ ಕರೆದುಕೊಂಡು ಹೋಯಿತು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಕೈ, ತೋಳು, ಅಂಗಿ, ಅಂಗಿ ಜೇಬಿನಲ್ಲಿದ್ದ ಮುಯ್ಯಿಯ ಕವರು, ಎಲ್ಲ ತೊಯ್ದವು. ಅಜ್ಜ ಬಾಯಲ್ಲಿದ್ದ ಬೀಡಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡ. ಇಡೀ ದೋಣಿಯಲ್ಲಿ ಬುದ್ಧಿ ಇದ್ದವನು ಅವನೊಬ್ಬನೇ.

ಮಾವನವರು ಬಿಚ್ಚಿ ಕೊಟ್ಟ ಟ್ಯಾಂಕಿನ ಮುಚ್ಚಳ ಇನ್ನೂ ನನ್ನ ಇನ್ನೊಂದು ಕೈಯಲ್ಲಿತ್ತು. ಅದರ ನೆತ್ತಿಯ ಮೇಲೆ ಒಂದು ಸಣ್ಣ ಸ್ಕ್ರೂ. ಗಾಳಿ ಒಳಗೆ ಹೋಗೋಕೆ ಅಂತ ಮಾಡಿದ್ದು. ದೋಣಿ ಓಡುವಾಗ ಅದು ತೆರೆದಿರಬೇಕು. ತಿರುಗಿಸಿ ನೋಡಿದೆ. ಉಗುರಿಗೂ ಸಡಿಲಾಗದಷ್ಟು ಬಿಗಿದಿತ್ತು.

"ಇದನ್ನ್ಯಾಕ ಮುಚ್ಚೀರಿ ಮಾವಾರ?"

"ಮತ್ತೇನ್ ಮಾಡ್ಲಿ ಅಳ್ಯಾರ? ಲೀಟರಿಗೆ ನೂರರ ಮ್ಯಾಲ ಐತಿ ಪೆಟ್ರೋಲು. ತಕ್ಕೊಂಡು ಹವಾಕ್ಕ ಹಾರಿಬಿಡ್ಲೇನು?"

ಕಾಯಿಲೆ ಇಷ್ಟೇ. ಎಂಜಿನ್ ಪೆಟ್ರೋಲ್ ಎಳೆಯುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ದಾರಿ ಮುಚ್ಚಿದ್ದರೆ ಟ್ಯಾಂಕಿನ ಒಳಗೆ ನಿರ್ವಾತ ಬೆಳೆಯುತ್ತಾ ಹೋಗುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯೋಕೆ ಎಂಜಿನ್ನಿನಲ್ಲೇ ಇರುವ ಪುಟ್ಟ ಪಂಪಿನೊಳಗಿನ ತೆಳ್ಳನೆಯ ರಬ್ಬರ್ ಪರದೆಗೆ ಅದರ ಎದುರು ಎಳೆಯುವ ತಾಕತ್ತಿಲ್ಲ. ಕಾರ್ಬೇಟರ್ ಒಣಗಿ ಎಂಜಿನ್ ನಿಲ್ಲುತ್ತದೆ. ನಿರ್ವಾತ ಆಗೋಕೆ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು, ಹಾಗಾಗಿ ನಿಲ್ಲೋದೂ ಅದೇ ಜಾಗದಲ್ಲಿ. ನಿಂತ ಕೂಡಲೇ ಎಣ್ಣಿ ಐತೋ ಇಲ್ಲೋ ಅಂತ ಮುಚ್ಚಳ ತೆಗೆಯುತ್ತಾರೆ. ಸುಸ್ ಅಂತ ಗಾಳಿ ಒಳಗೆ ಹೋಗುತ್ತದೆ. ರೋಗ ವಾಸಿಯಾಗೋದು ಅಲ್ಲಿ. ಅದರ ಮೇಲೆ ಇವರು ಊದಿದರೂ ಸರಿ, ಕಾಯಿ ಒಡೆದರೂ ಸರಿ, ಹಾಡು ಹೇಳಿದರೂ ಸರಿ, ಹಗ್ಗ ಎಳೆದರೆ ಎಂಜಿನ್ ಶುರು. ಇಷ್ಟು ದಿನ ಹೆಸರು ಮಾತ್ರ ಮಾವನವರಿಗೆ, ಒಮ್ಮೆ ದೇವರಿಗೆ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಸ್ಕ್ರೂ ಸಡಿಲ ಮಾಡಿ ಮುಚ್ಚಳ ಹಾಕಿದೆ. ಮಾವನವರು ಹೋಗಲಿ ಅಂತ ಆ ಸ್ಕ್ರೂ ತೂತಿಗೂ ಒಂದು ಸಲ ಊದಿದರು. ದೋಣಿ ಹೊರಟಿತು, ಮತ್ತೆ ನಿಲ್ಲಲಿಲ್ಲ. ಲಗ್ನ ಮುಗಿಸಿ ಸಂಜೆ ವಾಪಸ್ ಬರುವಾಗಲೂ ಕೆಮ್ಮಲಿಲ್ಲ. "ಇವತ್ತ ಮೂರು ಮಂದಿ ಊದ್ಯಾರ, ಕಚರಾ ಪೂರಾ ಹೋತು" ಎಂದು ಮಾವನವರು ಎಲ್ಲರಿಗೂ ಹೇಳುತ್ತಿದ್ದರು. ವಿಜ್ಞಾನ ಅಂದರೆ ನಮ್ಮ ಕಡೆ ಹೀಗೇ, ಎಷ್ಟು ಹೇಳಿದರೂ ಕೊನೆಗೆ ಗೆಲ್ಲೋದು ಹಿರಿಯರೇ.

ಆ ಸಂಜೆ ಇನ್ನೊಂದು ನೋಡಿದೆ. ನಡುಹೊಳೆಯ ಆ ಜಾಗ ಬಂದಾಗ ಮಾವನವರು ತಾವಾಗಿಯೇ ಎಂಜಿನ್ ಸಣ್ಣ ಮಾಡಿದರು. ನೀರಿನಿಂದ ಒಂದು ಒಣಗಿದ ಜಾಲಿಯ ತುದಿ ಎದ್ದಿದೆ ಅಲ್ಲಿ, ಕೊಕ್ಕರೆ ಕೂರುತ್ತದೆ. "ಅದು ನಮ್ಮ ಹೊಲದ ಬದುವಿನ ಗಿಡ. ಇಲ್ಲೇ ಎರಿ ಹೊಲ, ಬಿಳಿಜೋಳ ಎದಿ ಮಟ ಬರತಿತ್ತು" ಎಂದರು. ಪರಿಹಾರ ಬಂತು, ಮನೆ ಕಟ್ಟಿಸಿದ್ದಾರೆ, ಮೊಮ್ಮಕ್ಕಳ ಓದಿಗೆ ಇಟ್ಟಿದ್ದಾರೆ. ಎಂಜಿನ್ ಕೆಟ್ಟು ನಿಲ್ಲುತ್ತಿದ್ದಾಗ ಅವರಿಗೆ ಅಲ್ಲಿ ಸ್ವಲ್ಪ ಹೊತ್ತು ಕೂರೋಕೆ ಆಗುತ್ತಿತ್ತು. ಕೆಟ್ಟ ಎಂಜಿನ್ನಿನ ನೆಪದಲ್ಲಿ ಹೊಲಕ್ಕೆ ಹೋಗಿಬರುತ್ತಿದ್ದರು ಅಂತ ಕಾಣುತ್ತದೆ. ಆ ಸ್ಕ್ರೂ ಸಡಿಲ ಮಾಡಿ ನಾನು ಅದನ್ನೂ ತಪ್ಪಿಸಿದೆನೇನೋ. ಮಾವನವರು ಮತ್ತೆ ಎಂಜಿನ್ ಜೋರು ಮಾಡಿ, ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಮರುದಿನ ಫೋನು. ಜಗ್ಗಾಟದಲ್ಲಿ ಪೈಪು ಸೀಳಿದೆಯಂತೆ, ರಬ್ಬರ್ ಮೆತ್ತಗಾಗಿ ಕೈಗೆ ಕಪ್ಪು ಹತ್ತುತ್ತಿದೆಯಂತೆ. ಅದು ಆಗಲೇಬೇಕಿತ್ತು. 2023ರಿಂದ ಪಂಪುಗಳಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್ ಬರೋಕೆ ಶುರುವಾಗಿದೆ. ಹಳೇ ಕಾಲದ ರಬ್ಬರಿಗೆ ಎಥೆನಾಲ್ ಆಗಿಬರೋದಿಲ್ಲ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಹೊಳೆ ಮೇಲೆ ಇರುವ ಟ್ಯಾಂಕಿಗೆ ನೀರಿಗೇನು ಬರ? ಎಥೆನಾಲನ್ನು ಕಬ್ಬಿನಿಂದಲೂ ಗೋವಿನಜೋಳದಿಂದಲೂ ಮಾಡುತ್ತಾರೆ. ಗೋವಿನಜೋಳ ಬೆಳೆಯೋದು ನಾವೇ. ಹಾಗಾಗಿ ಬೈಯೋಕೂ ಬಾಯಿ ಬರೋದಿಲ್ಲ.

ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. "ಯಾವ ಗಾಡೀದ್ರಿ?" ಎಂದರು. ದೋಣಿಯದ್ದು ಅಂದೆ. ಅಂಗಡಿಯವರು ಲೆಕ್ಕದ ಪುಸ್ತಕ ಮುಚ್ಚಿ ನನ್ನನ್ನು ನೋಡಿದರು. "ಹುಬ್ಬಳ್ಳ್ಯಾಗ ದೋಣಿ? ಉಣಕಲ್ ಕೆರಿಗೇನ್ರಿ?" ಅಂದರು. ಎಲ್ಲ ಹೇಳಿದೆ. ಡೀಸೆಲ್ ಕಾರಿಗೂ ಇಂಥದ್ದೇ ರಬ್ಬರ್ ಉಂಡೆ ಬರುತ್ತದೆ, ತೋರಿಸಿದರು. ಪೆಟ್ರೋಲಿಗೆ ತಾಳುತ್ತದಾ ಅಂತ ಕೇಳಿದರೆ "ನಡೀತೈತಿ ತಗೋರಿ" ಎಂದರು. ನಡೀತೈತಿ ಅನ್ನೋದನ್ನು ನಡುಹೊಳೆಯಲ್ಲಿ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ, ಅದನ್ನು ಕಾರವಾರದಿಂದಲೇ ತರಿಸೋಣ ಅಂದುಕೊಂಡೆ. ಪೈಪು ಮಾತ್ರ ಕೇಳಿದೆ. "6 ಎಂ.ಎಂ., 8 ಎಂ.ಎಂ., 10 ಎಂ.ಎಂ. ಐತಿ. ಎಥೆನಾಲ್ ತಾಳೂದೂ ಐತಿ. ಒಳಗಿನ ಅಳತಿ ಎಷ್ಟ್ ಹೇಳ್ರಿ?"

ಮಾವನವರಿಗೆ ಫೋನ್ ಮಾಡಿ, ಪೈಪಿನ ಒಳಗಿನ ಅಳತೆ ನೋಡಿ ಫೋಟೋ ಕಳಿಸಿ ಅಂದೆ. ಐದು ನಿಮಿಷಕ್ಕೆ ವಾಟ್ಸಾಪಿನಲ್ಲಿ ಬಂತು. ಪೈಪಿನ ತುದಿಗೆ ಒಂದು ಬೀಡಿ ಸಿಕ್ಕಿಸಿದ ಫೋಟೋ. ಕೆಳಗೆ ದನಿ ಸಂದೇಶ: "ಕರೆಕ್ಟ್ ಕುಂದರತೈತ್ರಿ ಅಳ್ಯಾರ. ಬಿಗೀನೂ ಇಲ್ಲ, ಸಡ್ಲೂ ಇಲ್ಲ."

ಅಂಗಡಿಯವರು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. ನಗಲಿಲ್ಲ. ಕೆಲಸದ ಹುಡುಗನನ್ನು ಕರೆದು ಬಾಜೂ ಪಾನ್ ಅಂಗಡಿಯಿಂದ ಒಂದು ಕಟ್ಟು ಬೀಡಿ ತರಿಸಿದರು. ಒಂದು ಬೀಡಿ ತೆಗೆದು ಪೈಪು ಪೈಪಿಗೂ ಹಾಕಿ, ಸಾವಕಾಶ ತಿರುಗಿಸಿ ನೋಡಿ, 8 ಎಂ.ಎಂ. ಪೈಪನ್ನು ಎರಡು ಮೀಟರ್ ಕತ್ತರಿಸಿ ಕೊಟ್ಟರು. ಬಿಲ್ಲಿನಲ್ಲಿ ಪೈಪಿನ ಕೆಳಗೆ ಬೀಡಿ ಕಟ್ಟಿನ ದುಡ್ಡನ್ನೂ ಬರೆದಿದ್ದರು.